ಹೆಸರು ಹೇಳಿದರಷ್ಟೇ ಬಾಗಿಲು

ನೀವು ನಂಬುವುದಿಲ್ಲ, ಬಿಡಿ. ಹುಬ್ಬಳ್ಳಿಯ ಎಪ್ಪತ್ತಾರು ವರ್ಷದ ಮುದುಕನೊಬ್ಬ, ಎಡಗಣ್ಣಿಗೆ ಪೊರೆ, ಎರಡೂ ಮೊಣಕಾಲಿಗೆ ನೋವು, ಹೊಚ್ಚ ಹೊಸ ಲ್ಯಾಪ್‌ಟಾಪಿಗೆ ಸುಳ್ಳು ಹೆಸರು ಹೇಳಿ ಒಳಗೆ ಹೊಕ್ಕ ಅಂದರೆ ಯಾರು ನಂಬುತ್ತಾರೆ? ನಂಬದಿದ್ದರೂ ನನಗೇನೂ ಬೇಸರವಿಲ್ಲ. ನನ್ನ ಹೆಂಡತಿ ಮದುವೆಯಾದಂದಿನಿಂದ ನನ್ನ ಒಂದು ಮಾತನ್ನೂ ನಂಬಿಲ್ಲ, ಸಂಸಾರ ನಡೆದೇ ಇದೆ. ಆದರೂ ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಒಂದು ಸುಳ್ಳಿದೆ. ಒಂದೇ ಒಂದು. ಹುಡುಕಿ ನೋಡಿ. ಸಿಗದಿದ್ದರೆ ಕೊನೆಗೆ ನಾನೇ ಹೇಳುತ್ತೇನೆ. ಸುಳ್ಳನ್ನು ವರ್ಷಗಟ್ಟಲೆ ಸಾಕುವ ತ್ರಾಣ ಈಗ ಉಳಿದಿಲ್ಲ.

ನಾನು ರೇಡಿಯೊ ರಿಪೇರಿಯಿಂದ ಹೊಟ್ಟೆ ಹೊರೆಯಲು ಶುರು ಮಾಡಿದವನು. ಆಗಿನ ವಾಲ್ವ್ ರೇಡಿಯೊದ ಹಿಂದಿನ ರಟ್ಟು ಬಿಚ್ಚಿದರೆ ಒಳಮೈಗೆ ಒಂದು ಕಾಗದ ಅಂಟಿಸಿರುತ್ತಿತ್ತು. ಅದರ ಮೇಲೆ ಇಡೀ ರೇಡಿಯೊದ ನಕ್ಷೆ: ಯಾವ ತಂತಿ ಎಲ್ಲಿಂದ ಎಲ್ಲಿಗೆ, ಯಾವ ವಾಲ್ವಿಗೆ ಎಷ್ಟು ವೋಲ್ಟು. ಮಾಡಿದವನು ತಾನೆಂದೂ ಕಾಣದ ರಿಪೇರಿಯವನಿಗೆ ಬರೆದಿಟ್ಟ ಪತ್ರ ಅದು. ಕೆಟ್ಟರೆ ಇಲ್ಲಿ ನೋಡಪ್ಪಾ ಅಂತ. ಆಮೇಲೆ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಳೆದೆ. ಮೊದಲು ಮೋಟಾರು ನೋಡಿಕೊಂಡೆ, ಕಂಪ್ಯೂಟರು ಬಂದ ಮೇಲೆ ಅದನ್ನೂ. ಅಂಥ ನಕ್ಷೆಯ ಕಾಗದಗಳು ಒಂದೊಂದಾಗಿ ಮಾಯವಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗಿನ ಯಂತ್ರದ ಬೆನ್ನಲ್ಲಿ ಸ್ಕ್ರೂ ಇರಬೇಕಾದ ಕಡೆ ಅಂಟು. ನಕ್ಷೆ ಇರಬೇಕಾದ ಕಡೆ, ಬಿಚ್ಚಿದರೆ ಗ್ಯಾರಂಟಿ ಇಲ್ಲ ಅನ್ನುವ ಬೆದರಿಕೆ.

ಕಾರ್ಖಾನೆಯಲ್ಲೇ ನನಗೆ ಲಿನಕ್ಸ್ ಪರಿಚಯವಾದದ್ದು. ಕಂಪ್ಯೂಟರನ್ನು ಎಬ್ಬಿಸಿ ದುಡಿಸುವ ಮೂಲ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಮ್ ಅನ್ನುತ್ತಾರಲ್ಲ, ಅಂಗಡಿಯಲ್ಲಿ ಕೊಂಡ ಯಂತ್ರದಲ್ಲಿ ಸಾಮಾನ್ಯವಾಗಿ ಕಂಪನಿಯೇ ಆರಿಸಿದ ಒಂದು ಸಿಸ್ಟಮ್ ಮೊದಲೇ ಕೂತಿರುತ್ತದೆ. ಬೇಡವೆಂದರೆ ಅದನ್ನು ತೆಗೆದು ಬೇರೆಯದನ್ನು ಕೂರಿಸಬಹುದು. ಲಿನಕ್ಸ್ ಹಾಗೆ ಕೂರಿಸುವಂಥದ್ದು. ಯಾರ ಅಪ್ಪಣೆಯೂ ಬೇಡ, ಒಳಗೇನಿದೆ ಅಂತ ಬಿಚ್ಚಿ ಓದಬಹುದು, ಆ ರೇಡಿಯೊದ ಕಾಗದದ ಹಾಗೆ. ಅದಕ್ಕೇ ನಾನು ಅದಕ್ಕೆ ಅಂಟಿಕೊಂಡೆ. ನನಗೆ ಬರುವ ವಿದ್ಯೆ ಅದೊಂದೇ, ಹೊಸದನ್ನು ಕಲಿಯುವ ವಯಸ್ಸೂ ದಾಟಿತು ಅನ್ನುವುದು ಇನ್ನೊಂದು ಕಾರಣ. ಅದನ್ನು ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ನನ್ನ ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು. ಉಪ್ಪಿನಬೆಟಗೇರಿಯ ಸಾಲಿಯಲ್ಲಿ ಮಾಸ್ತರಬಾಯಿಯಾಗಿದ್ದಳು. ಈಗ ಅಲ್ಲೇ ಮಗ, ಸೊಸೆ, ಮೊಮ್ಮಗನ ಜೊತೆ ಇದ್ದಾಳೆ. ಅವಳ ನಾಲಿಗೆಗೆ ಊರೇ ಹೆದರುತ್ತಿತ್ತು. ಬೈದರೆ ಬೈಸಿಕೊಂಡವನೇ ಮೊದಲು ನಗಬೇಕು, ಅಂಥ ಬೈಗುಳ. ಅವಳ ದನಿಯನ್ನು ಅಣಕಿಸುವುದರಲ್ಲಿ ನನ್ನನ್ನು ಮೀರಿಸಿದವರು ಧಾರವಾಡ ಜಿಲ್ಲೆಯಲ್ಲೇ ಇರಲಿಲ್ಲ. ಅವಳು ನೌಕರಿಗೆ ಸೇರಿದ ವರ್ಷ ನಾನು ಸಾಲಿಯ ಕಿಟಕಿಯ ಹೊರಗೆ ಕೂತು ಅವಳದೇ ದನಿಯಲ್ಲಿ "ಎಲ್ಲಾರೂ ಮನಿಗೆ ಹೋಗ್ರಿ" ಅಂದೆ. ಇಡೀ ಎರಡನೇ ಇಯತ್ತೆ ಪಾಟಿ ಬಗಲಿಗೆ ಹಾಕಿಕೊಂಡು ಓಡಿತು. ಅಕ್ಕ ಬೋರ್ಡಿನ ಕಡೆಯಿಂದ ತಿರುಗುವಷ್ಟರಲ್ಲಿ ಕೋಣೆ ಖಾಲಿ. ಆಮೇಲೆ ಅವಳು ಕೊಟ್ಟ ಹೊಡೆತದ ನೋವು ಈಗಲೂ ಮಳೆಗಾಲದಲ್ಲಿ ಎದ್ದೇಳುತ್ತದೆ.

ನಮ್ಮ ಕಡೆ ಮದುಮಕ್ಕಳು ಮನೆಗೆ ಬಂದಾಗ ಮದುಮಗನ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡ ಹೆಂಡತಿಯ ಹೆಸರನ್ನು, ಹೆಂಡತಿ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳಬೇಕು. ಎರಡು ಸಾಲಿನ ಪ್ರಾಸ, ಅದರ ಬಾಲಕ್ಕೆ ಹೆಸರು. ಹೇಳಿದರೆ ಬಾಗಿಲು, ಇಲ್ಲದಿದ್ದರೆ ಅಂಗಳವೇ ಗತಿ. ನನ್ನ ಮದುವೆಯಲ್ಲಿ ಅಕ್ಕ ಎರಡೂ ಕೈ ಚಾಚಿ ನಿಂತಳು. ನಾನು ಒಡಪನ್ನೇನೋ ಚೆನ್ನಾಗಿಯೇ ಕಟ್ಟಿದೆ. ಕೊನೆಗೆ ಹೆಂಡತಿಯ ಹೆಸರಿನ ಬದಲು ನಮ್ಮ ಗಣಿತದ ಮಾಸ್ತರರ ಹೆಸರು ಸೇರಿಸಿದೆ. ಅವರು ಅಲ್ಲೇ ಮೀಸೆ ತೀಡುತ್ತ ನಿಂತಿದ್ದರು.

"ಹಂಗಾರ ಅವರನ್ನs ಕರಕೊಂಡ ಬಾ, ಒಳಗ ಬಿಡತೇನಿ," ಅಂದವಳೇ ಅಕ್ಕ ಬಾಗಿಲು ಹಾಕಿಕೊಂಡಳು. ವೈಶಾಖದ ಮಧ್ಯಾಹ್ನ. ಬರಿಗಾಲಲ್ಲಿ ನಿಂತ ನನ್ನ ಹೆಂಡತಿ ಒಂದು ಕಾಲು ಎತ್ತಿ ಒಂದು ಕಾಲು ಇಡುತ್ತಿದ್ದಳು. ಆ ದಿನ ರಿಪೇರಿಗೆ ಬಂದಿದ್ದ ಗಿರಾಕಿಯ ಟೇಪ್‌ರೆಕಾರ್ಡರನ್ನು ನಾನು ಮುಂಜಾನೆಯೇ ಬಾಗಿಲ ಹಿಂದಿನ ಜೋಳದ ಚೀಲದ ಮೇಲಿಟ್ಟು, ಗುಂಡಿ ಒತ್ತಿ ಮದುವೆಗೆ ಹೋಗಿದ್ದೆ. ಅಕ್ಕನ ಮಾತೆಲ್ಲ ಅದರಲ್ಲಿ ಸಿಕ್ಕಿತು. ಅಂದಿನಿಂದ ನಮ್ಮ ಮನೆತನದ ಎಲ್ಲ ಮದುವೆಗೂ ಬಾಗಿಲಿಗೆ ಅಕ್ಕನೇ. ತಂಗಿಯರು, ಸೋದರತ್ತೆಯರು ಎಷ್ಟೇ ಇರಲಿ, ಅವಳ ಮುಂದೆ ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲ.

ಎರಡು ವರ್ಷದ ಹಿಂದೆ ಸತ್ತೂರಿನ ಆಸ್ಪತ್ರೆಯಲ್ಲಿ ಅಕ್ಕನ ಗಂಟಲಿನ ಆಪರೇಷನ್ ಆಯಿತು. ಡಾಕ್ಟರರು ಮೊದಲೇ ಹೇಳಿದ್ದರು, ಜೀವ ಬೇಕೆಂದರೆ ದನಿ ಬಿಡಬೇಕು ಅಂತ. ಬಿಟ್ಟಳು. ಮನೆಗೆ ಬಂದವಳೇ ಅಟ್ಟದ ಮೇಲಿನ ಹಳೆಯ ಪಾಟಿ ಇಳಿಸಿಕೊಂಡು ಬಳಪದಲ್ಲಿ ಬರೆಯತೊಡಗಿದಳು. ಅಕ್ಷರ ಮುತ್ತಿನಂಥವು. ಆದರೆ ಪಾಟಿಯ ಮಾತು ತಡವಾಗಿ ಬರುವ ಬಸ್ಸಿನಂಥದ್ದು. ನಾಲ್ಕು ಮಂದಿ ಕೂತು ಏನೋ ಮಾತಾಡುತ್ತಾರೆ, ಅಕ್ಕನಿಗೆ ಒಂದು ಕುಹಕ ಹೊಳೆಯುತ್ತದೆ, ಬಗ್ಗಿ ಬರೆದು ಎತ್ತಿ ತೋರಿಸುವಷ್ಟರಲ್ಲಿ ಮಾತು ಮೂರು ಊರು ದಾಟಿರುತ್ತದೆ. ಓದಿದವರು ಮರ್ಯಾದೆಗೆ ನಗುತ್ತಾರೆ. ಮರ್ಯಾದೆಯ ನಗು ಅಕ್ಕನಿಗೆ ಚೆನ್ನಾಗಿ ಗೊತ್ತಾಗುತ್ತದೆ. ಬರೆದದ್ದನ್ನು ಯಾರಿಗೂ ತೋರಿಸದೆ ಸೆರಗಿನಿಂದ ಒರೆಸಿಬಿಡುವುದನ್ನು ನಾನು ಎಷ್ಟೋ ಸಲ ನೋಡಿದೆ.

ಮೊಮ್ಮಗ ಮೊಬೈಲಿನಲ್ಲಿ ಬರೆದದ್ದನ್ನು ಓದಿ ಹೇಳುವ ಒಂದು ಏರ್ಪಾಡು ಮಾಡಿಕೊಟ್ಟ. ಅಕ್ಕ ಒಂದು ವಾಕ್ಯ ಕುಟ್ಟಿ ಕೇಳಿದಳು. ಮೊಬೈಲನ್ನು ಕೆಳಗಿಟ್ಟು ಪಾಟಿ ತೆಗೆದುಕೊಂಡಳು. "ಈಕಿ ಯಾರು? ಬ್ಯಾಂಕಿನಾಕಿ? ನನ್ನ ಬಾಯಾಗ ಈಕಿ ಯಾಕ?"

ಆಗ ನಾನು ಎದ್ದೆ. ಅಕ್ಕ ನೌಕರಿಯಲ್ಲಿದ್ದಾಗ ಅವಳ ಪಾಠಗಳನ್ನು ಕ್ಯಾಸೆಟ್ಟಿಗೆ ತುಂಬಿಕೊಟ್ಟಿದ್ದೆ. ಮಗ್ಗಿ, ಕಾಗುಣಿತ, ನಡುನಡುವೆ ಮಕ್ಕಳಿಗೂ ನನಗೂ ಬೈದ ಬೈಗುಳ, ಎಲ್ಲ ಅದರಲ್ಲಿತ್ತು. ಅದರಿಂದ ನಲವತ್ತು ತುಂಡು ಕತ್ತರಿಸಿ, ಲಿನಕ್ಸ್ ಹಾಕಿದ ನನ್ನ ಹಳೆಯ ಕಂಪ್ಯೂಟರಿನ ಒಂದೊಂದು ಗುಂಡಿಗೆ ಒಂದೊಂದು ಕಟ್ಟಿದೆ. ಗುಂಡಿಯ ಮೇಲೆ ಕನ್ನಡದ ಚೀಟಿ. ಒತ್ತಿದರೆ ಅಕ್ಕನದೇ ದನಿ: "ಚಾ ಎಲ್ಲಿ?" "ಸುಳ್ಳ ಹೇಳಬ್ಯಾಡ!" "ಕೇಳಲಿಲ್ಲ, ಜೋರ್ ಹೇಳು!" "ಶಾಣ್ಯಾ ಅದಿ, ಕುಂಡ್ರು!" ಬಣ್ಣಿಸುವುದು ಬೇಡ. ಮೊದಲ ದಿನ "ಸುಳ್ಳ ಹೇಳಬ್ಯಾಡ" ಅನ್ನುವ ಗುಂಡಿಯನ್ನು ಹದಿನೇಳು ಸಲ ಒತ್ತಿದಳು. ಹದಿನೇಳೂ ಸಲ ನಾನು ಮಾತಾಡುತ್ತಿದ್ದಾಗಲೇ.

ಒಂದು ವರ್ಷ ಅಕ್ಕ ಹೀಗೆ ಮನೆ ಆಳಿದಳು. ಆಮೇಲೆ ಬೇಸಿಗೆಯ ಒಂದು ದಿನ ಆ ಕಂಪ್ಯೂಟರು ಸತ್ತಿತು. ಬಿಚ್ಚಿ ನೋಡಿದೆ, ದನಿಯ ತುಂಡುಗಳಿದ್ದ ಡಿಸ್ಕು ಉಳಿದಿತ್ತು, ಬೋರ್ಡು ಸುಟ್ಟಿತ್ತು. ಅದು ನನ್ನ ಕೈ ಮೀರಿದ ಕೆಲಸ. ಆ ಹೊತ್ತಿಗೇ ಮೊಮ್ಮಗನ ಮದುವೆ ನಿಶ್ಚಯವಾಯಿತು. ಇನ್ನು ಮೂರು ವಾರ. ಅವನು ಅಂಗಡಿಗೆ ಹೋಗಿ ಬಣ್ಣ ನೋಡಿ ಒಂದು ಹೊಸ ಲ್ಯಾಪ್‌ಟಾಪ್ ತಂದ.

"ಅಜ್ಜಾ, ಇದರಾಗ ಹಾಕಿ ಕೊಡ್ರಿ. ಆಯಿ ಊಟಾ ಬಿಟ್ಟು ಕುಂತಾಳ."

ಅಕ್ಕ ನನ್ನ ಮುಂದೆ ಪಾಟಿ ಹಿಡಿದಳು. "ಬಾಗಲದಾಗ ನಾನs ನಿಂದರಾಕಿ. ಪಾಟಿ ಹಿಡಕೊಂಡು ನಿಂದರಂಗಿಲ್ಲ."

ಬಾಗಿಲಿಗೆ ಅಡ್ಡ ನಿಂತವಳು ಪಾಟಿ ಎತ್ತಿ ತೋರಿಸಿದರೆ ಮದುಮಗ ಓದಿ ಒಳಗೆ ಬರುತ್ತಾನೆ, ಅಷ್ಟೇ. ಅದು ತಡೆಯುವುದಲ್ಲ, ಬೋರ್ಡು ಹಾಕುವುದು. ಅಕ್ಕನಿಗೆ ಬೇಕಾದದ್ದು ಒಂದೇ, ತನ್ನ ಮಾತು ಸರಿಯಾದ ಹೊತ್ತಿಗೆ ಬೀಳಬೇಕು. ಇಲ್ಲವಾದರೆ ಆ ದಿನ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತೇನೆ ಅಂತ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದಳು. ಅವಳು ಕೂರುವವಳೇ. ನನಗೆ ಗೊತ್ತು.

ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಧಾರವಾಡದಲ್ಲಿ ಬಸ್ಸು ಬದಲಿಸಿ ಹುಬ್ಬಳ್ಳಿಗೆ ಬಂದೆ. ಮೊದಲು ಸಜ್ಜನನ ಹಾಗೆ ಕಂಪನಿ ಹಾಕಿಕೊಟ್ಟ ಸಿಸ್ಟಮ್ಮಿನಲ್ಲೇ ಪ್ರಯತ್ನಿಸಿದೆ, ಸುಳ್ಳಲ್ಲ. ಅದು ಮೊದಲು ನನ್ನ ಹೆಸರು ಕೇಳಿತು, ಆಮೇಲೆ ಫೋನ್ ನಂಬರು, ಆಮೇಲೆ ಇಂಟರ್ನೆಟ್ಟು. ಗುಂಡಿಗೆ ದನಿ ಕಟ್ಟುವ ನನ್ನ ಹಳೆಯ ಪ್ರೋಗ್ರಾಮನ್ನು ಒಳಗೆ ಬಿಡಲು ಒಪ್ಪಲಿಲ್ಲ. ತನ್ನ ಅಂಗಡಿಯಿಂದ ಬಂದದ್ದನ್ನು ಮಾತ್ರ ಬಿಡುತ್ತೇನೆ ಅಂದಿತು. ಅದನ್ನು ಹೇಗೋ ಒಪ್ಪಿಸುವ ಹೊತ್ತಿಗೆ ಪರದೆ ನೀಲಿಯಾಗಿ, ದಯವಿಟ್ಟು ಕಾಯಿರಿ ಅಂತ ಒಂದು ಚಕ್ರ ತಿರುಗತೊಡಗಿತು. ಅದು ತಿರುಗುವಷ್ಟು ಹೊತ್ತಿನಲ್ಲಿ ನಾನು ಸ್ನಾನ ಮಾಡಿ, ಊಟ ಮಾಡಿ, ಒಂದು ನಿದ್ದೆ ತೆಗೆದೆ. ಮದುಮಕ್ಕಳು ಅಂಗಳದಲ್ಲಿ ನಿಂತಾಗ ಈ ಚಕ್ರ ತಿರುಗಿದರೆ? ಅಕ್ಕನ ಮುಖ ನೆನೆದು, ಇದು ಬೇಡ ಅಂದುಕೊಂಡೆ.

ಲಿನಕ್ಸ್ ತುಂಬಿದ ಪೆನ್‌ಡ್ರೈವು ಚುಚ್ಚಿದೆ. ಯಂತ್ರ ಅದನ್ನು ತಿರುಗಿಯೂ ನೋಡಲಿಲ್ಲ. ಮೆನುಗಳ ಒಳಗೊಳಗೆ ಹೋಗಿ, ಗುರುತಿಲ್ಲದವರನ್ನು ತಡೆಯುವ ಒಂದು ಕಾವಲು ಇರುವುದನ್ನು ಹುಡುಕಿ ಬಂದ್ ಮಾಡಿದೆ. ಆಮೇಲೆ ಪೆನ್‌ಡ್ರೈವಿನಿಂದ ಎದ್ದಿತು, ಯಂತ್ರದೊಳಗೆ ಲಿನಕ್ಸ್ ಕೂತಿತು. ಗೆದ್ದೆ ಅಂದುಕೊಂಡು ಪೆನ್‌ಡ್ರೈವು ಕಿತ್ತು ಮತ್ತೆ ಚಾಲೂ ಮಾಡಿದರೆ ಕಪ್ಪು ಪರದೆ: ಎಬ್ಬಿಸಲು ಏನೂ ಇಲ್ಲ. ಮನೆಯೊಳಗೆ ಮನುಷ್ಯ ಕೂತಿದ್ದಾನೆ, ಕಾವಲುಗಾರ ಮನೆ ಖಾಲಿ ಅನ್ನುತ್ತಾನೆ. ನಾಲ್ಕು ಸಲ ತೆಗೆದು ಮತ್ತೆ ಹಾಕಿದೆ. ನಾಲ್ಕೂ ಸಲ ಅದೇ ಉತ್ತರ.

ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದೆ. ಅರ್ಧ ತಾಸು ಸಂಗೀತ. ಆಮೇಲೆ ಒಬ್ಬ ಹುಡುಗಿ, ಪಾಪ, ಬಹಳ ನಯದ ಹುಡುಗಿ.

"ಸರ್, ನಾವು ಹಾಕಿಕೊಟ್ಟಿದ್ದ ಸಿಸ್ಟಮ್ ಸರಿಯಾಗಿ ಕೆಲಸ ಮಾಡ್ತಿತ್ತಾ?"

"ಮಾಡತಿತ್ರಿ."

"ಹಾಗಾದ್ರೆ ತೊಂದರೆ ಏನಾಯ್ತು ಸರ್?"

"ಅದನ್ನ ತಗದೆ ನೋಡ್ರಿ, ಅದs ತೊಂದ್ರಿ ಆತು."

"ಯಾಕೆ ತೆಗೆದ್ರಿ ಸರ್?"

"ನಮ್ಮಕ್ಕಗ ಮಾತಾಡೂದೈತಿ."

"ಸರ್, ಬೇರೆ ಸಿಸ್ಟಮ್ಮಿಗೆ ನಮ್ಮಲ್ಲಿ ಸಹಾಯ ಇಲ್ಲ ಸರ್. ನಮ್ಮದನ್ನೇ ಮತ್ತೆ ಹಾಕಿಕೊಳ್ಳಿ. ಇನ್ನೇನಾದ್ರೂ ಸಹಾಯ ಬೇಕಾ ಸರ್?"

ಇನ್ನೇನು ಕೇಳಲಿ? ಮೊಣಕಾಲಿಗೆ ಏನಾದರೂ ಇದೆಯೇ ಅಂತ ಕೇಳಿದೆ. ಆ ಹುಡುಗಿ ನಕ್ಕಳು. ಆ ಕಂಪನಿಯಿಂದ ನನಗೆ ಸಿಕ್ಕ ಸಹಾಯ ಅದೊಂದೇ.

ಎಲ್ಲರೂ ಹೀಗೆ ಅನ್ನುವುದಿಲ್ಲ. ಕೆಲವು ಕಂಪನಿಗಳು ಲಿನಕ್ಸ್ ಹಾಕಿಯೇ ಯಂತ್ರ ಮಾರುತ್ತವೆ. ಯಾವ ಭಾಗವನ್ನು ಹೇಗೆ ಮಾತಾಡಿಸಬೇಕು ಅಂತ ಬರೆದು ಎಲ್ಲರಿಗೂ ಕೊಡುತ್ತವೆ. ಕಾರ್ಖಾನೆಯಲ್ಲಿದ್ದ ಒಂದು ಪ್ರಿಂಟರಿನ ಕಂಪನಿ ಹಾಗಿತ್ತು. ಪ್ರಿಂಟರು ಮುದಿಯಾಯಿತೇ ಹೊರತು ಯಾವ ಸಿಸ್ಟಮ್ಮಿನ ಜೊತೆಗೂ ಜಗಳ ಆಡಲಿಲ್ಲ. ಆದರೆ ಯಾವುದು ಅಂಥದ್ದು ಅಂತ ಅಂಗಡಿಯ ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ಬಣ್ಣ ಬರೆದಿರುತ್ತಾರೆ, ತೂಕ ಬರೆದಿರುತ್ತಾರೆ. ನಿನ್ನ ಯಂತ್ರದಲ್ಲಿ ನಿನ್ನ ಇಷ್ಟದವರನ್ನು ಕೂರಿಸಲು ಬಿಡುತ್ತೇವೋ ಇಲ್ಲವೋ ಅನ್ನುವುದನ್ನು ಬರೆದಿರುವುದಿಲ್ಲ.

ಒಂದು ವಾರ ಹೋಯಿತು. ನನಗೆ ನಿಜಕ್ಕೂ ಸಾಕಾಗಿತ್ತು. ಒಂದು ಕಾಲದಲ್ಲಿ ಇಂಥ ಜಗಳದಲ್ಲಿ ಸುಖ ಸಿಗುತ್ತಿತ್ತು. ಈಗ ಬೆನ್ನು ಮಾತ್ರ ನೋಯುತ್ತದೆ. ಯಂತ್ರವನ್ನು ಹಾಗೇ ಒಯ್ದು, ನನ್ನಿಂದ ಆಗಲಿಲ್ಲ ಅಂತ ಅಕ್ಕನ ಮುಂದೆ ಇಟ್ಟುಬಿಡೋಣ ಅನ್ನಿಸಿತು. ಆ ಮಾತು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ಹೆಂಡತಿ ತಾಟು ತಂದಿಟ್ಟು, "ಆ ಮಿಷನ್ ಮುಚ್ಚಿ ಉಣ್ಣರಿ. ಏನಂತೈತಿ ಅದು?" ಅಂದಳು.

"ಬಾಗಲಾ ತಗೀವಲ್ದು. ಒಳಗ ಯಾರೂ ಇಲ್ಲ ಅಂತೈತಿ."

"ನಿಮ್ಮಕ್ಕನ ಜಾತಿ ಮಿಷನ್ನs ಅದು. ನನ್ನ ಅಂಗಾಲ ಸುಟ್ಟಿದ್ದು ಇನ್ನೂ ನೆನಪೈತಿ ನನಗ."

"ಅಕ್ಕ ಏನ ಮಾಡತಾಳ? ತಪ್ಪ ಹೆಸರ ಹೇಳಿದಾಂವ ನಾ."

"ಅದನ್ನs ಹೇಳಾಕತ್ತೇನಿ. ನೀವು ಆ ಮಾಸ್ತರಗs ಬಾಸಿಂಗ ಕಟ್ಟಿ ನಿಂದರಿಸಿ, ಅವರ ಬಾಯಿಲೆ ನನ್ನ ಹೆಸರ ಹೇಳಿಸಿದ್ದರೂ ಬಿಡತಿದ್ದರು. ಮಾರಿ ಯಾರ ನೋಡತಾರ್ರಿ? ಹೆಸರ ಕೇಳತಾರ, ಬಾಗಲಾ ತಗೀತಾರ."

ನಾನು ರೊಟ್ಟಿ ಮುರಿದ ಕೈಯನ್ನು ಹಾಗೇ ಹಿಡಿದು ಕೂತೆ.

ಯಂತ್ರ ಏಳುವಾಗ ಮಾಡುವುದೂ ಅದನ್ನೇ. ಒಂದು ಗೊತ್ತಾದ ಜಾಗದಲ್ಲಿ ಒಂದು ಗೊತ್ತಾದ ಹೆಸರಿನ ಫೈಲು ಇದೆಯೇ ಅಂತ ನೋಡುತ್ತದೆ. ಇದ್ದರೆ ಅದನ್ನು ಎಬ್ಬಿಸುತ್ತದೆ. ಬೇರೆ ಹೆಸರಿನದನ್ನೂ ಎಬ್ಬಿಸಬೇಕು ಅನ್ನುವುದು ನಿಯಮ. ಈ ಯಂತ್ರ ಮಾಡಿದವರು ಆ ಶ್ರಮ ತೆಗೆದುಕೊಂಡಿರಲಿಲ್ಲ. ತಾವು ಹಾಕಿಕೊಟ್ಟ ಸಿಸ್ಟಮ್ಮಿನ ಹೆಸರೊಂದನ್ನೇ ಕಾವಲುಗಾರನಿಗೆ ಬಾಯಿಪಾಠ ಮಾಡಿಸಿ ಕಳಿಸಿದ್ದರು. ಬೇಕೆಂದೇ ಮಾಡಿದರೋ, ಸೋಮಾರಿತನವೋ, ನನಗೆ ಗೊತ್ತಿಲ್ಲ. ಅಂಗಳದಲ್ಲಿ ನಿಂತವನಿಗೆ ಎರಡೂ ಒಂದೇ.

ಊಟ ಬಿಟ್ಟು ಎದ್ದೆ. ಪೆನ್‌ಡ್ರೈವು ಮತ್ತೆ ಚುಚ್ಚಿ ಒಳಗೆ ಹೋಗಿ, ಲಿನಕ್ಸನ್ನು ಎಬ್ಬಿಸುವ ಫೈಲನ್ನು ಅದೇ ಜಾಗದಲ್ಲಿಟ್ಟು, ಕಂಪನಿಯ ಸಿಸ್ಟಮ್ಮಿನ ಫೈಲಿನ ಹೆಸರನ್ನೇ ಅದಕ್ಕೆ ಕೊಟ್ಟೆ. ಒಳಗಿನ ಒಂದಕ್ಷರ ಬದಲಿಸಲಿಲ್ಲ. ಬಾಸಿಂಗ ಮಾತ್ರ ಕಟ್ಟಿದೆ. ಚಾಲೂ ಮಾಡಿದೆ. ಯಂತ್ರ ಹೆಸರು ಓದಿತು, ಬಾಗಿಲು ತೆಗೆಯಿತು, ಲಿನಕ್ಸ್ ರಾಜನ ಹಾಗೆ ಒಳಗೆ ಬಂದು ಕೂತಿತು.

"ನೋಡಿದೇನು?" ಅಂತ ಕೂಗಿದೆ. "ಈ ಹುಬ್ಬಳ್ಳಿಯೊಳಗ ನನ್ನಂಥಾಂವ ಇನ್ನೊಬ್ಬ ಅದಾನೇನು?"

"ಇಲ್ರಿ," ಅಂದಳು ಒಳಗಿನಿಂದ ಹೆಂಡತಿ. "ಇದ್ದಿದ್ದರ ಊರಾಗ ಯಾರೂ ಉಳೀತಿದ್ದಿಲ್ಲ. ರೊಟ್ಟಿ ಆರಿತು."

ಆ ಹೆಮ್ಮೆ ಹತ್ತು ನಿಮಿಷ ಇತ್ತು. ಅಕ್ಕನ ನಲವತ್ತು ತುಂಡು ತುಂಬಿ ಗುಂಡಿ ಒತ್ತಿದರೆ ದನಿಯೇ ಇಲ್ಲ. ಪರದೆಯ ಮೇಲೆ ದನಿಯ ಗೆರೆ ಕುಣಿಯುತ್ತಿದೆ, ಕಿವಿಗೆ ಏನೂ ಬರುತ್ತಿಲ್ಲ. ಒಳಗಿನ ಸ್ಪೀಕರಿನ ಚಿಪ್ ಯಾವ ಭಾಷೆಗೆ ಓಗೊಡುತ್ತದೆ ಅಂತ ಮಾಡಿದವರು ಹೊರಗಿನವರಿಗೆ ಹೇಳಿಲ್ಲ. ಹೇಳದಿದ್ದರೆ ಲಿನಕ್ಸಿಗೆ ಹೇಗೆ ಗೊತ್ತಾಗಬೇಕು? ಹತ್ತಾರು ದೇಶದ ಮಂದಿ ತಮ್ಮ ತಮ್ಮ ಯಂತ್ರದಲ್ಲಿ ತಡಕಾಡಿ ಅದನ್ನು ಊಹಿಸುತ್ತಿದ್ದರು, ಒಬ್ಬರ ಊಹೆಯೂ ಈ ಬಣ್ಣದ ಯಂತ್ರಕ್ಕೆ ಹೊಂದಲಿಲ್ಲ. ಬಾಯಿ ಆಡುತ್ತದೆ, ದನಿ ಇಲ್ಲ. ಇಂಥದ್ದೊಂದನ್ನು ನಾನು ಆಗಲೇ ಉಪ್ಪಿನಬೆಟಗೇರಿಯಲ್ಲಿ ನೋಡಿದ್ದೆ. ಆ ದಿನ ಯಂತ್ರದ ಮುಚ್ಚಳ ಹಾಕಿ ಮಲಗಿದೆ. ಮತ್ತೆ ಸಹಾಯವಾಣಿಗೆ ಫೋನು ಮಾಡಲಿಲ್ಲ. ಆ ಹುಡುಗಿಯನ್ನು ನಗಿಸಲು ಹೊಸ ಜೋಕು ಇರಲಿಲ್ಲ.

ಮರುದಿನ ಪ್ಯಾಟಿಗೆ ಹೋದೆ. ಕಂಪ್ಯೂಟರಿನ ಬಿಡಿಭಾಗ ಮಾರುವ ಅಂಗಡಿಯಲ್ಲಿ ನನಗೆ ಹಳೆಯ ಪರಿಚಯ.

"ಕಾಕಾ, ಏನ ಬೇಕ್ರಿ?"

"ದನಿ ಬೇಕಾಗಿತ್ತಪಾ."

ಅವನು ತಲೆ ಕೆರೆದುಕೊಂಡು ಒಂದು ಡಬ್ಬಿಯಿಂದ ಹೆಬ್ಬೆರಳಿನಷ್ಟು ಉದ್ದದ ಒಂದು ಸಾಮಾನು ತೆಗೆದ. ಒಂದು ತುದಿ ಯುಎಸ್‌ಬಿಗೆ, ಇನ್ನೊಂದು ತುದಿಗೆ ಸ್ಪೀಕರಿನ ತಂತಿ. "ಇದನ್ನ ಒಯ್ರಿ. ಕಂಪನಿ ಯಾವುದು ಅಂತ ಮಾತ್ರ ಕೇಳಬ್ಯಾಡ್ರಿ. ಹೆಸರs ಇಲ್ಲ ಇದಕ."

"ಹೆಸರ ಇಲ್ಲದ್ದು ಛಲೋ. ಹೆಸರಿದ್ದವರ ಕಾಟ ಸಾಕಾಗೇತಿ."

ಮನೆಗೆ ತಂದು ಚುಚ್ಚಿದೆ. ಏನೂ ಕೇಳಲಿಲ್ಲ ಅದು. ನನ್ನ ಹೆಸರು ಬೇಡ, ನಂಬರು ಬೇಡ, ಯಾವ ಸಿಸ್ಟಮ್ ಅಂತಲೂ ಬೇಡ. ಎಲ್ಲರೂ ಒಪ್ಪಿದ ರೂಢಿಯ ಪ್ರಕಾರ ಮಾಡಿದ್ದರು, ಅಷ್ಟೇ; ತಮ್ಮದೇ ಗುಟ್ಟಿನ ಭಾಷೆ ಕಟ್ಟಲು ಅವರಿಗೆ ಪುರುಸೊತ್ತೂ ಇರಲಿಲ್ಲವೋ ಏನೋ. ನನ್ನ ರೇಡಿಯೊ ಕಾಲದ ಕಟ್ಟಿಗೆಯ ಸ್ಪೀಕರ್ ಪೆಟ್ಟಿಗೆಯನ್ನು ಆಂಪ್ಲಿಫೈಯರಿನ ಜೊತೆ ಅದಕ್ಕೆ ಜೋಡಿಸಿ ಗುಂಡಿ ಒತ್ತಿದೆ. "ಸುಳ್ಳ ಹೇಳಬ್ಯಾಡ!" ಅಂತ ಅಕ್ಕ ನಮ್ಮ ಪಡಸಾಲೆಯಲ್ಲಿ ಗುಡುಗಿದಳು. ಒಳಗೆ ಹೆಂಡತಿಯ ಕೈಯಿಂದ ತಂಬಿಗೆ ಬಿತ್ತು.

ಮದುವೆಗೆ ಎರಡು ದಿನ ಇರುವಾಗ ಎಲ್ಲವನ್ನೂ ಹೊತ್ತು ಉಪ್ಪಿನಬೆಟಗೇರಿಗೆ ಹೋದೆ. ಅಕ್ಕ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದಳು. ಮುಖದಲ್ಲಿ ಒಂದು ಗೆರೆಯೂ ಸಡಿಲಲಿಲ್ಲ. ಪಾಟಿ ತೆಗೆದುಕೊಂಡಳು. "ಇವೆಲ್ಲಾ ಸಾಲಿ ಮಾತು. ಬಾಗಲದ ಮಾತು ಎಲ್ಲೈತಿ?"

ಕ್ಯಾಸೆಟ್ಟಿನ ಪಾಠಗಳಲ್ಲಿ ಬಾಗಿಲ ಮಾತು ಎಲ್ಲಿಂದ ಬರಬೇಕು? ನಾನು ಒಂದು ಕ್ಷಣವೂ ತಡೆಯಲಿಲ್ಲ. "ಐತಿ ಅಕ್ಕಾ. ನನ್ನ ಲಗ್ನದ ಟೇಪಿನ್ಯಾಗ ಐತಿ. ನಾಳೆ ಹಾಕಿ ಕೊಡತೇನಿ."

ಅಕ್ಕ ನನ್ನ ಮುಖವನ್ನೇ ನೋಡಿದಳು. "ಸುಳ್ಳ ಹೇಳಬ್ಯಾಡ" ಗುಂಡಿಯ ಮೇಲೆ ಅವಳ ಬೆರಳು ಇತ್ತು. ಯಾಕೋ ಒತ್ತಲಿಲ್ಲ.

ಮರುದಿನವೇ ಮೇಲಿನ ಎಡಮೂಲೆಯ ಗುಂಡಿಗೆ ಅದನ್ನು ಕಟ್ಟಿದೆ. ಮದುವೆಯ ದಿನ ಮಧ್ಯಾಹ್ನ ಮದುಮಕ್ಕಳು ಅಂಗಳಕ್ಕೆ ಬಂದರು. ಅಕ್ಕ ಇಳಕಲ್ ಸೀರೆ ಉಟ್ಟು, ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮುಂದೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪು. ಎರಡು ವರ್ಷದಿಂದ ಮನೆಯ ಹೊರಗೆ ಅವಳನ್ನು ಪಾಟಿಯ ಜೊತೆಯಷ್ಟೇ ನೋಡಿದ್ದ ಮಂದಿ, ಪಾಪ ಮುದುಕಿ ಬಾಗಿಲಲ್ಲಿ ಕೂತುಕೊಳ್ಳಲಿ ಬಿಡು, ಅನ್ನುವ ಮುಖ ಮಾಡಿ ನಿಂತಿದ್ದರು. ಸ್ಪೀಕರ್ ಪೆಟ್ಟಿಗೆ ಬಾಗಿಲ ಹಿಂದೆ ಜೋಳದ ಚೀಲದ ಮೇಲಿತ್ತು. ಅದನ್ನು ಹಿಡಿದು ನಾನು ಪಕ್ಕದಲ್ಲೇ ಕೂತಿದ್ದೆ. ಆ ಹೆಸರಿಲ್ಲದ ಸಾಮಾನು ಈ ಹೊತ್ತಿಗೇ ಕೈಕೊಟ್ಟರೆ?

ಮೊಮ್ಮಗ ಹೊಸ್ತಿಲ ಹತ್ತಿರ ಬಂದ. ಅಕ್ಕ ಎಡಮೂಲೆಯ ಗುಂಡಿ ಒತ್ತಿದಳು.

"ಹೆಸರ ಹೇಳದ ಒಳಗ ಬಿಡಂಗಿಲ್ಲ!"

ಓಣಿಯವರೆಗೂ ಕೇಳಿಸಿತು. ಬಾಜಾದವನು ಬಾಯಿಂದ ಪೀಪಿ ತೆಗೆದ. ಅಕ್ಕನ ಸೊಸೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮೊಮ್ಮಗ ಬಾಸಿಂಗ ಸರಿಮಾಡಿಕೊಂಡ.

"ಪ್ಯಾಟ್ಯಾಗ ಕೊಂಡೆ ಹಸರ ಬಳಿ, ಬಾಗಲಾ ತಗಿ ಆಯಿ, ತಲಿಮ್ಯಾಲ ಬಿಸಲಿನ ಮಳಿ," ಅಂದು ಹೆಂಡತಿಯ ಹೆಸರು ಸೇರಿಸಿದ. ಕೂಡಲೇ ಜೋಡಿಸಿದ, "ಇಂಥಾಕಿ ಮೂರು ಊರಾಗ ಇಲ್ಲ!"

ಅವನ ಬಾಯಿ ಮುಚ್ಚುವ ಮೊದಲೇ ಅಕ್ಕನ ಬೆರಳು ಬಿತ್ತು. "ಸುಳ್ಳ ಹೇಳಬ್ಯಾಡ!"

ಅಂಗಳ ಸಿಡಿಯಿತು. ಅದು ಮರ್ಯಾದೆಯ ನಗು ಅಲ್ಲ. ಮೀಸೆ ಬಂದ ಗಂಡಸರು ಕಂಬ ಹಿಡಿದು ನಕ್ಕರು. ಮದುಮಗಳ ಸರದಿ ಬಂತು. ಆ ಹುಡುಗಿ ತಲೆ ಬಗ್ಗಿಸಿ ಗಂಡನ ಹೆಸರನ್ನು ಪಿಸುಗುಟ್ಟಿದಳು.

"ಕೇಳಲಿಲ್ಲ, ಜೋರ್ ಹೇಳು!"

ಎರಡನೇ ಇಯತ್ತೆಗೆ ಗದರಿದ ದನಿ. ಅಂಗಳದಲ್ಲಿದ್ದ ಅರ್ಧ ಮಂದಿ ಅವಳ ಕೈಯಲ್ಲೇ ಕಲಿತವರು. ಮದುಮಗಳಿಗಿಂತ ಮೊದಲು ಅವರೇ ನೆಟ್ಟಗೆ ನಿಂತರು. ಹುಡುಗಿ ಈ ಸಲ ಕೂಗಿಯೇ ಹೇಳಿದಳು. ಅಕ್ಕ ಸ್ವಲ್ಪ ಹೊತ್ತು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಹೆಂಡತಿಯ ಅಂಗಾಲು ಸುಟ್ಟದ್ದು ನೆನಪಾಯಿತೋ ಏನೋ, ಈ ಸಲ ಬಹಳ ಹೊತ್ತು ನಿಲ್ಲಿಸಲಿಲ್ಲ. "ಶಾಣ್ಯಾ ಅದಿ" ಒತ್ತಿ ಕುರ್ಚಿ ಸರಿಸಿದಳು.

ಮಂದಿಯೆಲ್ಲ ಊಟಕ್ಕೆ ಹೋದ ಮೇಲೆ ನಾನು ತಂತಿ ಸುತ್ತುತ್ತ ಕೂತಿದ್ದೆ. ಮೈಯಲ್ಲಿ ಒಂದು ಹನಿ ಶಕ್ತಿ ಇರಲಿಲ್ಲ. ಗೆದ್ದೆನೆಂದು ಕೂಗಬೇಕಿತ್ತು, ಕೂಗಲು ಆಗಲಿಲ್ಲ. ಇನ್ನು ಆರು ತಿಂಗಳಿಗೋ ವರ್ಷಕ್ಕೋ ಈ ಯಂತ್ರಕ್ಕೆ ಏನಾದರೂ ಆದರೆ ಮತ್ತೆ ಹೊಸದು, ಮತ್ತೆ ಹೊಸ ಕಾವಲುಗಾರ, ಮತ್ತೆ ಬೇರೆ ಹೆಸರು. ಆಗ ಅದಕ್ಕೆ ಬಾಸಿಂಗ ಕಟ್ಟುವವರು ಯಾರು?

ಅಕ್ಕ ಹತ್ತಿರ ಬಂದು ಕೂತಳು. ಪಾಟಿಯ ಮೇಲೆ ಬರೆದು ನನ್ನ ತೊಡೆಯ ಮೇಲಿಟ್ಟಳು. "ಎಡಮೂಲಿ ಗುಂಡಿ ಛಲೋ ಐತಿ. ದನಿ ಸ್ವಲ್ಪ ದಪ್ಪ ಆಗೇತಿ."

"ಟೇಪು ಹಳೇದು ಅಕ್ಕಾ. ಹಂಗs ಆಗತೈತಿ," ಅಂದೆ.

ಅವಳು ಪಾಟಿ ವಾಪಸು ತೆಗೆದುಕೊಂಡು, ಸೆರಗಿನಿಂದ ಒರೆಸಿದಳು. ನನ್ನ ಬೆನ್ನಿಗೆ ಮೆಲ್ಲಗೆ ಒಂದು ಗುದ್ದು ಕೊಟ್ಟು ಊಟಕ್ಕೆ ಎಬ್ಬಿಸಿದಳು.

ಸರಿ, ಕೊಟ್ಟ ಮಾತಿನಂತೆ ಹೇಳಿಬಿಡುತ್ತೇನೆ. ಯಂತ್ರಕ್ಕೆ ಸುಳ್ಳು ಹೆಸರು ಹೇಳಿದ್ದು ನಿಜ. ಮಾಸ್ತರರ ಹೆಸರು ಹೇಳಿದ್ದು ನಿಜ, ಹೆಂಡತಿಯ ಅಂಗಾಲು ಸುಟ್ಟದ್ದೂ ನಿಜ. ಸುಳ್ಳು ಆ ಟೇಪು. ಅರ್ಧ ತಾಸಿನ ಕ್ಯಾಸೆಟ್ಟಿಗೆ ಮುಂಜಾನೆ ಗುಂಡಿ ಒತ್ತಿ ಹೋದರೆ ಅದು ಮಧ್ಯಾಹ್ನದ ಮಾತು ಹೇಗೆ ಹಿಡಿದೀತು? ನೀವು ಅಲ್ಲೇ ನನ್ನನ್ನು ಹಿಡಿಯಬೇಕಿತ್ತು. ನನ್ನ ಮದುವೆಯ ದಿನ ಮನೆಯಲ್ಲಿ ಯಾವ ಟೇಪ್‌ರೆಕಾರ್ಡರೂ ಇರಲಿಲ್ಲ. ಎಡಮೂಲೆಯ ಆ ದನಿಯನ್ನು, ಅಕ್ಕ ಹಿತ್ತಲಲ್ಲಿದ್ದಾಗ ಒಳಕೋಣೆಯ ಬಾಗಿಲು ಹಾಕಿಕೊಂಡು, ತಲೆಯ ಮೇಲೆ ಕಂಬಳಿ ಹೊದ್ದು, ಒಂಬತ್ತು ಸಲ ತಪ್ಪಿ ಹತ್ತನೇ ಸಲಕ್ಕೆ ನನ್ನ ಗಂಟಲಿನಿಂದ ತೆಗೆದವನು ನಾನು.